ನೋಡಿದ ಥ್ರಿಲ್ಲರ್ ಬಗ್ಗೆ ನಾಲ್ಕು ಮಾತು ಬರೆಯುವುದು ಹೇಗೆ

ಸಿನಿಮಾ ಬಿಟ್ಟು ಇನ್ನೂ ಪಾರ್ಕಿಂಗ್‌ನಲ್ಲಿ ಗಾಡಿ ತೆಗೆಯುತ್ತಿರುವಾಗಲೇ ಫೋನ್ ಬರುತ್ತದೆ. "ಹೆಂಗಿದೆ?" ನಾವು "ಪರವಾಗಿಲ್ಲ, ಒಂದ್ಸಲ ನೋಡಬಹುದು" ಅಂತೀವಿ. ಕೇಳಿದವರಿಗೆ ಇದರಿಂದ ಏನು ಗೊತ್ತಾಯಿತು? ಏನೂ ಇಲ್ಲ. ಭಾನುವಾರ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬೇಕೋ, ಒಟಿಟಿಗೆ ಬರುವ ತನಕ ಕಾಯಬೇಕೋ ಅನ್ನುವುದು ಅವರ ಪ್ರಶ್ನೆ. ನಾಲ್ಕು ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಎಲ್ಲ ಸೇರಿದರೆ ಸಣ್ಣ ದುಡ್ಡಲ್ಲ. ಆ ದುಡ್ಡಿಗೆ, ಅವರ ಮೂರು ಗಂಟೆಗೆ ಬೆಲೆ ಕೊಟ್ಟು ಉತ್ತರ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಕೆಲವು ವರ್ಷಗಳಿಂದ ನಾನು ನೋಡಿದ ಪ್ರತಿ ಆಕ್ಷನ್, ಥ್ರಿಲ್ಲರ್ ಬಗ್ಗೆ ಗೆಳೆಯರಿಗೆ ಏಳೆಂಟು ಸಾಲು ಬರೆದು ಕಳಿಸುತ್ತೇನೆ. ಬರೆದೂ ಬರೆದೂ ಒಂದು ರೂಢಿ ಆಗಿದೆ. ಆ ರೂಢಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ನಿಮಗೂ ಬರೆಯುವ ಆಸೆ ಇದ್ದರೆ ಉಪಯೋಗಕ್ಕೆ ಬರಬಹುದು.

ಸುಮ್ನೆ ಗೆಳೆಯರಿಗೆ ಬರೆಯುವ ನಾಲ್ಕು ಸಾಲಿಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳಬೇಡಿ. ಕನ್ನಡ ಥ್ರಿಲ್ಲರ್‌ಗಳ ಪಾಲಿಗೆ ನೋಡಿದವರ ಬಾಯಿಮಾತೇ ದೊಡ್ಡ ಪೋಸ್ಟರ್. 'ರಂಗಿತರಂಗ' 2015ರ ಜುಲೈ 3ಕ್ಕೆ ಬಂತು. ನಿರ್ದೇಶಕರೂ ಹೊಸಬರು, ನಾಯಕನೂ ಹೊಸಬ. ಮುಂದಿನ ವಾರವೇ 'ಬಾಹುಬಲಿ' ಬಂತು. ಅಂಥಾ ದೊಡ್ಡ ಸಿನಿಮಾದ ಎದುರಿಗೂ ಅದು ತಿಂಗಳುಗಟ್ಟಲೆ ಓಡಿದ್ದು ನೋಡಿದವರು ಇನ್ನೊಬ್ಬರಿಗೆ "ಹೋಗಿ ನೋಡಿ" ಅಂತ ಹೇಳಿದ್ದರಿಂದ. ನಮ್ಮ ಮಾತಿಗೆ ಅಷ್ಟು ಬಲ ಇದೆ.

ಸರಿ, ಶುರು ಎಲ್ಲಿಂದ? ನಾನು ನನ್ನ ಕೈಯಿಂದ ಶುರು ಮಾಡುತ್ತೇನೆ. ಮನೆಯಲ್ಲಿ ಸಿನಿಮಾ ನೋಡುವಾಗ ಫೋನ್ ಪಕ್ಕದಲ್ಲೇ ಇರುತ್ತದೆ, ಅಲ್ವಾ? ಯಾವ ಹೊತ್ತಿಗೆ ಕೈ ತಾನಾಗೇ ಫೋನಿಗೆ ಹೋಯಿತು ಅಂತ ನೆನಪಿಟ್ಟುಕೊಳ್ಳಿ. ಹಾಗೇ ಫೋನ್ ಬಡಿದುಕೊಂಡರೂ ಯಾವ ಹೊತ್ತಿನಲ್ಲಿ ತಿರುಗಿ ನೋಡಲಿಲ್ಲ ಅನ್ನುವುದನ್ನೂ. ಥಿಯೇಟರ್‌ನಲ್ಲಾದರೆ ಫೋನಿನ ಬದಲು ಗಡಿಯಾರ, ಇಲ್ಲವೇ ಬಾಗಿಲ ಮೇಲಿನ ಕೆಂಪು ದೀಪ. ಈ ಎರಡು ಗಳಿಗೆ ಸಿಕ್ಕಿದರೆ ಅರ್ಧ ಬರಹ ಮುಗಿದ ಹಾಗೆ. ಯಾಕಂದರೆ ಕೈ ಸುಳ್ಳು ಹೇಳುವುದಿಲ್ಲ. ನಮಗಿಷ್ಟದ ಹೀರೋ ಅಂತ ಮನಸ್ಸು ಎಷ್ಟೇ ಸಮಾಧಾನ ಹೇಳಿದರೂ, ಬೇಜಾರಾದಾಗ ಕೈ ಫೋನ್ ಹುಡುಕಿಯೇ ಹುಡುಕುತ್ತದೆ.

ಇತ್ತೀಚೆಗೆ ಮನೆಯಲ್ಲಿ 'ಕಿಲ್' ನೋಡಿದೆ. 2024ರ ಹಿಂದಿ ಸಿನಿಮಾ, ಹೆಚ್ಚುಕಡಿಮೆ ಪೂರ್ತಿ ಕಥೆ ಓಡುವ ರೈಲಿನಲ್ಲೇ ನಡೆಯುತ್ತದೆ. ಮೊದಲ ಇಪ್ಪತ್ತು ನಿಮಿಷ ಪ್ರೇಮಕಥೆ ನಡೆಯುವಾಗ ನಾನು ಎರಡು ಸಲ ಫೋನ್ ತೆಗೆದೆ. ಆಮೇಲೆ ಒಂದು ಘಟನೆ ಆಗುತ್ತದೆ, ಅದಾದ ಮೇಲೆ ಪರದೆ ಮೇಲೆ ಸಿನಿಮಾದ ಹೆಸರು ಬರುತ್ತದೆ. ಹೌದು, ಹೆಚ್ಚುಕಡಿಮೆ ಅರ್ಧ ಸಿನಿಮಾ ಮುಗಿದ ಮೇಲೆ ಹೆಸರು! ಅಲ್ಲಿಂದ ಮುಂದೆ ಫೋನ್ ಎಲ್ಲಿದೆ ಅನ್ನುವುದೇ ಮರೆತುಹೋಗಿತ್ತು. ನಾನು ಗೆಳೆಯರಿಗೆ ಬರೆದಿದ್ದೂ ಇಷ್ಟೇ: "ಹೆಸರು ಬರುವ ತನಕ ತಾಳ್ಮೆ ಇಟ್ಟುಕೊಳ್ಳಿ, ಆಮೇಲೆ ಅದೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ."

ಗಳಿಗೆ ಸಿಕ್ಕಿತು, ಇನ್ನು ಯಾಕೆ ಅಂತ ಕೇಳಿಕೊಳ್ಳಬೇಕು. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ. "ಫೈಟ್ ಸೂಪರ್" ಅಂತ ಬರೆದು ಮುಂದೆ ಹೋಗುತ್ತಾರೆ. ಫೈಟ್ ಯಾಕೆ ಸೂಪರ್?

ಫೈಟ್ ನೋಡುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಯಾರು ಎಲ್ಲಿದ್ದಾರೆ ಅಂತ ನನಗೆ ಗೊತ್ತಾಗುತ್ತಿದೆಯಾ? ಬಾಗಿಲು ಯಾವ ಕಡೆ, ಏಟು ಯಾವ ಕಡೆಯಿಂದ ಬಂತು, ಬಿದ್ದವನು ಎದ್ದನಾ ಇಲ್ಲವಾ. ರೈಲಿನ ಬೋಗಿ ಅಂದರೆ ಎಷ್ಟು ಅಗಲ ಹೇಳಿ? ಎದುರಿಗೆ ಒಬ್ಬರು ಬಂದರೆ ನಾವು ಪಕ್ಕಕ್ಕೆ ಒತ್ತಿಕೊಂಡು ನಿಲ್ಲಬೇಕು. ಅಂಥಾ ಜಾಗದಲ್ಲಿ ಕೈ ಬೀಸಲೂ ಆಗುವುದಿಲ್ಲ. ಆದ್ದರಿಂದ 'ಕಿಲ್'ನಲ್ಲಿ ಮೊಣಕೈ, ಚಾಕು, ಬೆಂಕಿ ಆರಿಸುವ ಆ ಕೆಂಪು ಸಿಲಿಂಡರ್, ಕೈಗೆ ಸಿಕ್ಕಿದ್ದೆಲ್ಲ ಆಯುಧ ಆಗುತ್ತದೆ. ಹೊಡೆದಾಟಕ್ಕೆ ಜಾಗವೇ ರೂಪ ಕೊಟ್ಟಿದೆ. ರೈಲಿನಲ್ಲಿ ಓಡಾಡಿದ ಯಾರಿಗಾದರೂ ಆ ಇಕ್ಕಟ್ಟು ಮೈಗೆ ತಾಗುತ್ತದೆ. ಇದೊಂದು ಮಾತು ಬರೆದರೂ ಸಾಕು, ಓದುವವರಿಗೆ ಫೈಟ್ ಹೇಗಿರಬಹುದು ಅಂತ ಅಂದಾಜು ಸಿಗುತ್ತದೆ.

ಇದು ಹೊಸ ಸಿನಿಮಾಗಳಿಗೆ ಮಾತ್ರ ಅಲ್ಲ. ಸುನಿಲ್ ಕುಮಾರ್ ದೇಸಾಯಿ ಅವರ 'ನಿಷ್ಕರ್ಷ'ವನ್ನು ಈಚೆಗೆ ಮತ್ತೆ ನೋಡಿದೆ. 1993ರದ್ದು, ವಿಷ್ಣುವರ್ಧನ್ ಇದ್ದಾರೆ, ಮಣಿಪಾಲದ ಒಂದು ದೊಡ್ಡ ಕಟ್ಟಡದ ಒಳಗೆ ಬ್ಯಾಂಕಿನಲ್ಲಿ ಜನ ಒತ್ತೆಯಾಗಿ ಸಿಕ್ಕಿಕೊಳ್ಳುತ್ತಾರೆ. ಮೂವತ್ತು ವರ್ಷ ದಾಟಿದ ಸಿನಿಮಾ, ಆದರೂ ಆ ಮೆಟ್ಟಿಲು, ಆ ಕಾರಿಡಾರ್ ಎಲ್ಲ ನನಗೆ ಬಾಯಿಪಾಠ ಆದ ಹಾಗಿದೆ. ಒಳಗಿರುವವರು, ಹೊರಗಿರುವವರು, ನಡುವಿನ ದೂರ ಮೂರೂ ತಲೆಯಲ್ಲಿ ನಿಂತಿರುವುದರಿಂದ ಒಬ್ಬ ಒಂದು ಹೆಜ್ಜೆ ಇಟ್ಟರೂ ಭಯ ಆಗುತ್ತದೆ.

ಎರಡನೆಯದು, ಆ ಏಟಿಗೆ ನೋವಿದೆಯಾ? ಅಥವಾ ನೋವಿನ ಬದಲು ಬೇರೆ ಏನಾದರೂ ಕೊಡುತ್ತಿದೆಯಾ? 'ಕೆಜಿಎಫ್' ಎರಡನೇ ಭಾಗದಲ್ಲಿ ರಾಕಿ ಪೊಲೀಸ್ ಠಾಣೆ ಮೇಲೆ ದೊಡ್ಡಮ್ಮ ಅನ್ನುವ ಭಾರಿ ಗನ್ ತಿರುಗಿಸುತ್ತಾನೆ. ಎಲ್ಲ ಮುಗಿದ ಮೇಲೆ ಗನ್ನಿನ ನಳಿಕೆ ಕೆಂಪಗೆ ಕಾದಿರುತ್ತದೆ. ಅದಕ್ಕೇ ಸಿಗರೇಟು ತಾಗಿಸಿ ಹಚ್ಚಿಕೊಳ್ಳುತ್ತಾನೆ. ಅಲ್ಲಿ ನೋವು ಮುಖ್ಯ ಅಲ್ಲ, ಗತ್ತು ಮುಖ್ಯ. ಆ ಗತ್ತು ನಿಮಗೆ ಹಿಡಿಸಿದರೆ ಹಾಗೇ ಬರೆಯಿರಿ, ಸಂಕೋಚ ಬೇಡ. ಅದೇ 'ಗರುಡ ಗಮನ ವೃಷಭ ವಾಹನ' ನೋಡಿ. ಮಳೆಯಲ್ಲಿ ರಾಜ್ ಬಿ. ಶೆಟ್ಟಿ ಹುಲಿವೇಷದ ಹೆಜ್ಜೆ ಹಾಕುವಾಗ ನನಗೆ ಶಿಳ್ಳೆ ಹೊಡೆಯಬೇಕು ಅನಿಸಲಿಲ್ಲ, ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. ಕೊಂದವನ ಮೈಯಲ್ಲಿ ಅಷ್ಟು ಚೆಂದದ ಕುಣಿತ. ಎರಡೂ ಆಕ್ಷನ್ ಸಿನಿಮಾಗಳೇ, ಆದರೆ ಒಂದನ್ನು ಇಷ್ಟಪಟ್ಟವರಿಗೆ ಇನ್ನೊಂದು ಇಷ್ಟ ಆಗಲೇಬೇಕು ಅಂತಿಲ್ಲ. "ಮಾಸ್ ಸಿನಿಮಾ" ಅಂತ ಎರಡಕ್ಕೂ ಒಂದೇ ಚೀಟಿ ಅಂಟಿಸಿದರೆ ಓದಿದವರಿಗೆ ಮೋಸ ಮಾಡಿದ ಹಾಗೆ.

ಥ್ರಿಲ್ಲರ್ ವಿಷಯಕ್ಕೆ ಬಂದರೆ ಕಷ್ಟ ಬೇರೆ. ಕಥೆ ಹೇಳದೆ ಬರೆಯಬೇಕು. ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು, ಅದಕ್ಕೆ ಕಾರಣವೂ ಇದೆ. 2019ರಲ್ಲಿ 'ಕವಲುದಾರಿ' ಬಂದಾಗ ನಾನು ಶನಿವಾರಕ್ಕೆ ಟಿಕೆಟ್ ಮಾಡಿಸಿಕೊಂಡಿದ್ದೆ. ಶುಕ್ರವಾರ ರಾತ್ರಿ ಆಫೀಸ್ ಕ್ಯಾಬ್‌ನಲ್ಲಿ ಪಕ್ಕದಲ್ಲಿ ಕೂತವರು, ನಾನು ಬೇಡ ಬೇಡ ಅನ್ನುವಷ್ಟರಲ್ಲೇ, ಕೊನೆಗೆ ಅಪರಾಧಿ ಯಾರು ಅಂತ ಹೇಳಿಬಿಟ್ಟರು. ಮಾರನೇ ದಿನ ಸಿನಿಮಾ ನೋಡಿದೆ, ತುಂಬಾ ಚೆನ್ನಾಗಿತ್ತು. ಆದರೆ ನಾನು ಉತ್ತರ ಗೊತ್ತಿದ್ದು ಲೆಕ್ಕ ಮಾಡುತ್ತಿದ್ದ ಹಾಗಿತ್ತು. ಆ ಮೊದಲ ನೋಟ ನನಗೆ ಇನ್ನು ಯಾವತ್ತೂ ಸಿಗುವುದಿಲ್ಲ. ಇವತ್ತಿಗೂ ನೆನಪಾದರೆ ಬೇಜಾರಾಗುತ್ತದೆ.

ಅವತ್ತಿನಿಂದ ನನ್ನ ನಿಯಮ: ಮೊದಲ ಇಪ್ಪತ್ತು ನಿಮಿಷದಲ್ಲಿ ಗೊತ್ತಾಗುವುದನ್ನು ಮಾತ್ರ ಹೇಳುವುದು. ಅದೇ 'ಕವಲುದಾರಿ'ಯನ್ನು ತೆಗೆದುಕೊಳ್ಳಿ. ಬೆಂಗಳೂರಲ್ಲಿ ಮೆಟ್ರೊ ಕೆಲಸಕ್ಕೆ ನೆಲ ಅಗೆಯುವಾಗ ಮೂಳೆಗಳು ಸಿಗುತ್ತವೆ. ಕ್ರೈಂ ವಿಭಾಗಕ್ಕೆ ಹೋಗಬೇಕು ಅಂತ ಆಸೆ ಇಟ್ಟುಕೊಂಡ ಒಬ್ಬ ಟ್ರಾಫಿಕ್ ಪೊಲೀಸ್‌ಗೆ ಆ ಮೂಳೆಗಳ ಹಿಂದೆ ಹೋಗುವ ಹುಚ್ಚು ಹತ್ತುತ್ತದೆ. ನಲವತ್ತು ವರ್ಷ ಹಳೆಯ ಕೇಸು. ಅದರ ಗಾಯ ಇನ್ನೂ ಮಾಯದ ಒಬ್ಬ ನಿವೃತ್ತ ಅಧಿಕಾರಿ ಇದ್ದಾರೆ, ಅನಂತ್ ನಾಗ್. ನಿಲ್ಲಿಸಿ! ಇಲ್ಲಿಗೆ ಸಾಕು. ಇಷ್ಟು ಕೇಳಿ ನೋಡಬೇಕು ಅನಿಸದವರಿಗೆ ಮುಂದಿನದ್ದು ಹೇಳಿದರೂ ಅನಿಸುವುದಿಲ್ಲ.

ಇನ್ನೊಂದು ವಿಷಯ. "ಕೊನೆಯಲ್ಲಿ ದೊಡ್ಡ ಟ್ವಿಸ್ಟ್ ಇದೆ, ನಾನೇನೂ ಹೇಳಲ್ಲ" ಅಂತ ಬರೆಯುವುದು ಕೂಡ ಹೇಳಿದ ಹಾಗೇ. ಟ್ವಿಸ್ಟ್ ಇದೆ ಅಂತ ಗೊತ್ತಾದ ಕೂಡಲೇ ನೋಡುವವರು ಪ್ರತಿ ಪಾತ್ರವನ್ನೂ ಅನುಮಾನದಿಂದ ನೋಡುತ್ತಾ ಕೂರುತ್ತಾರೆ. ಅದರ ಬದಲು ಸಿನಿಮಾ ನಿಮ್ಮನ್ನು ಯಾವ ಪ್ರಶ್ನೆಯಲ್ಲಿ ಕಟ್ಟಿಹಾಕಿತು ಅಂತ ಬರೆಯಿರಿ. 'ಯು ಟರ್ನ್'ನ ಶುರುವಿನ ಪ್ರಶ್ನೆ ಎಷ್ಟು ಚಿಕ್ಕದು ನೋಡಿ. ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ರಸ್ತೆ ನಡುವಿನ ಕಲ್ಲು ಸರಿಸಿ ಅಡ್ಡದಾರಿಯಲ್ಲಿ ತಿರುಗಿಸಿಕೊಂಡು ಹೋಗುತ್ತಾರೆ, ಅವರು ಯಾರು, ಯಾಕೆ ಹಾಗೆ ಮಾಡುತ್ತಾರೆ? ಬೆಂಗಳೂರಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಗೊತ್ತಿರುವ ವಿಷಯ. ಅಲ್ಲಿಂದ ನಿರ್ದೇಶಕ ಪವನ್ ಕುಮಾರ್ ನಮ್ಮನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅನ್ನುವುದು ಸಿನಿಮಾ. ಆ ಪ್ರಶ್ನೆಯನ್ನು ಓದುವವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದುಬಿಡಿ.

ಎಲ್ಲಿ ನೋಡಿದಿರಿ, ಯಾವ ಭಾಷೆಯಲ್ಲಿ ನೋಡಿದಿರಿ ಅಂತ ಒಂದು ಸಾಲು ಇರಲಿ. ಬೆಂಗಳೂರಿನ ಊರ್ವಶಿ ಥಿಯೇಟರ್‌ನಲ್ಲಿ ತುಂಬಿದ ಹೌಸ್‌ನಲ್ಲಿ ನೋಡಿದ ಸಿನಿಮಾ ಬೇರೆ, ಮಗು ಮಲಗಿದ ಮೇಲೆ ಸೌಂಡ್ ಕಮ್ಮಿ ಮಾಡಿಕೊಂಡು ನೋಡಿದ ಅದೇ ಸಿನಿಮಾ ಬೇರೆ. ಡಬ್ ಆಗಿದ್ದನ್ನು ನೋಡಿದ್ದರೆ ಮಾತು ಚಪ್ಪೆ ಅನಿಸಿದ್ದು ಬರೆದವರ ತಪ್ಪೋ ಡಬ್ ಮಾಡಿದವರ ತಪ್ಪೋ ಹೇಳುವುದು ಕಷ್ಟ. ಮಕ್ಕಳ ಜೊತೆ ನೋಡಬಹುದಾ ಅನ್ನುವುದನ್ನು ಮರೆಯಲೇಬೇಡಿ. 2024ರ ನವೆಂಬರ್‌ನಿಂದ ಸೆನ್ಸಾರ್ ಮಂಡಳಿ, ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದು ಅನ್ನುವ ಯುಎ ಪತ್ರವನ್ನು 7, 13, 16 ವರ್ಷ ಅಂತ ಮೂರು ಭಾಗ ಮಾಡಿದೆ. ಅದನ್ನು ನೋಡಿ ಹೇಳಿ. 'ಕಿಲ್' ದೊಡ್ಡವರಿಗೆ ಮಾತ್ರ ಅನ್ನುವ ಎ ಪತ್ರದ ಸಿನಿಮಾ, ರಕ್ತ ವಿಪರೀತ ಇದೆ. ನಾನು ಅದನ್ನು ಮೊದಲ ಸಾಲಿನಲ್ಲೇ ಬರೆದಿದ್ದೆ.

ಹಿಡಿಸದೇ ಇದ್ದರೆ? ಹಿಡಿಸಲಿಲ್ಲ ಅಂತಲೇ ಬರೆಯಿರಿ, ಆದರೆ ಯಾವುದು ಅಂತ ಬೆರಳಿಟ್ಟು ತೋರಿಸಿ. "ಸೆಕೆಂಡ್ ಹಾಫ್ ಲ್ಯಾಗ್" ಅನ್ನುವುದು ಎಲ್ಲರೂ ಎಲ್ಲ ಸಿನಿಮಾಕ್ಕೂ ಹೇಳುವ ಮಾತಾಗಿಬಿಟ್ಟಿದೆ. 'ಮ್ಯಾಕ್ಸ್' ನೋಡಿದಾಗ ನನಗೆ ಹೀಗಾಯಿತು. 2024ರ ಡಿಸೆಂಬರ್ 25ಕ್ಕೆ ಬಂದ ಸುದೀಪ್ ಸಿನಿಮಾ, ಒಂದೇ ರಾತ್ರಿಯ ಕಥೆ. ಠಾಣೆ ಒಳಗೆ ಎಲ್ಲರೂ ಬೆವರುತ್ತಿರುವಾಗ ಸುದೀಪ್ ಒಬ್ಬರೇ ತಣ್ಣಗೆ ಯೋಚನೆ ಮಾಡುತ್ತಿರುತ್ತಾರಲ್ಲ, ಆ ಭಾಗಗಳಲ್ಲಿ ನಾನು ಸೀಟಿನ ತುದಿಯಲ್ಲಿ ಕೂತಿದ್ದೆ. ತಲೆಯಿಂದ ಗೆಲ್ಲುವ ಆಟ ಕೈಯಿಂದ ಗೆಲ್ಲುವ ಆಟ ಆದಾಗ, ಅಂದರೆ ಫೈಟ್ ಮೇಲೆ ಫೈಟ್ ಬಂದಾಗ, ನನ್ನ ಆತಂಕ ಇಳಿದುಹೋಯಿತು. ಇವರನ್ನು ಯಾರೂ ಮುಟ್ಟಲಾರರು ಅಂತ ಗೊತ್ತಾದ ಮೇಲೆ ಹೆದರುವುದೇನು? ಹೀಗೆ ಬರೆದರೆ ಫೈಟ್‌ಗಾಗಿಯೇ ಹೋಗುವ ಗೆಳೆಯ "ಹಾಗಾದರೆ ನನಗೆ ಇದೇ ಬೇಕು" ಅಂತ ಟಿಕೆಟ್ ತೆಗೆದುಕೊಳ್ಳುತ್ತಾನೆ. ನನ್ನ ದೂರು ಅವನಿಗೆ ಶಿಫಾರಸು ಆಯಿತು. ಅದು ಒಳ್ಳೆಯದೇ.

ನಟರ ಮೈಬಣ್ಣ, ವಯಸ್ಸು, ಮನೆ ವಿಷಯ ಇವುಗಳ ಹತ್ತಿರ ಹೋಗಬೇಡಿ. "ಹಾಲಿವುಡ್ ಲೆವೆಲ್" ಅನ್ನುವ ಮಾತನ್ನೂ ಬಿಟ್ಟುಬಿಡಿ. ಯಾವ ಹಾಲಿವುಡ್, ಯಾವ ಲೆವೆಲ್? 'ಜಾನ್ ವಿಕ್' ನನಗೆ ಇಷ್ಟ. ಅದರ ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ಹಿಂದೆ ಸ್ಟಂಟ್ ಮಾಡುತ್ತಿದ್ದವರು, 'ಮ್ಯಾಟ್ರಿಕ್ಸ್'ನಲ್ಲಿ ಕೀನು ರೀವ್ಸ್‌ಗೇ ಡ್ಯೂಪ್ ಆಗಿದ್ದವರು. ಹಾಗಾಗಿ ಅಲ್ಲಿ ಕ್ಯಾಮೆರಾ ಪದೇ ಪದೇ ಕಟ್ ಮಾಡದೆ ದೂರ ನಿಂತು ಪೂರ್ತಿ ಮೈ ತೋರಿಸುತ್ತದೆ. ಹೋಲಿಸಲೇಬೇಕು ಅನಿಸಿದರೆ ಇಂಥದ್ದನ್ನು ಹೋಲಿಸಿ: ಇಲ್ಲಿ ಶಾಟ್ ಎಷ್ಟು ಹೊತ್ತು ನಿಂತಿತು, ಏಟು ಬಿದ್ದದ್ದು ಕಂಡಿತಾ, ಬರೀ ಸದ್ದು ಕೇಳಿಸಿತಾ.

ಯಾವಾಗ ಬರೆಯಬೇಕು? ನಾನು ಮಾರನೇ ದಿನ ಬೆಳಿಗ್ಗೆ ಕಾಫಿ ಹೊತ್ತಿಗೆ ಬರೆಯುತ್ತೇನೆ. ರಾತ್ರಿ ಬರೆದರೆ ಹಿನ್ನೆಲೆ ಸಂಗೀತ ಇನ್ನೂ ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತದೆ, ಎಲ್ಲವೂ ಅದ್ಭುತ ಅನಿಸುತ್ತದೆ. ಬೆಳಿಗ್ಗೆ ಎದ್ದಾಗ ಯಾವ ದೃಶ್ಯ ಮೊದಲು ನೆನಪಾಗುತ್ತದೋ ಅದನ್ನೇ ಮೊದಲು ಬರೆಯಿರಿ. ಏನೂ ನೆನಪಾಗದಿದ್ದರೆ ಅದನ್ನೂ ಬರೆಯಿರಿ.

ಹೋದ ವಾರ 'ಕೈದಿ' ಎರಡನೇ ಸಲ ನೋಡಿ ಕಳಿಸಿದ್ದನ್ನು ಹಾಗೇ ಇಲ್ಲಿ ಹಾಕುತ್ತೇನೆ:

"ಕೈದಿ, 2019, ತಮಿಳು. ಮನೆಯಲ್ಲಿ, ಲೈಟ್ ಆರಿಸಿಕೊಂಡು ನೋಡಿದೆ. ಜೈಲಿಂದ ಬಿಡುಗಡೆ ಆದವನು ಮಗಳ ಮುಖ ನೋಡಲು ಹೊರಟಿದ್ದಾನೆ, ಮಧ್ಯದಲ್ಲಿ ಪೊಲೀಸರು ಅವನ ಕೈಗೆ ಲಾರಿ ಕೊಡುತ್ತಾರೆ. ಒಂದೇ ರಾತ್ರಿ. ಹೀರೋಯಿನ್ ಇಲ್ಲ, ಹಾಡಿಲ್ಲ, ಎರಡರ ನೆನಪೂ ನನಗೆ ಬರಲಿಲ್ಲ. ಫೈಟ್ ಕತ್ತಲಲ್ಲಿದ್ದರೂ ಯಾರು ಎಲ್ಲಿ ಅಂತ ತಿಳಿಯುತ್ತದೆ. ಗುಂಡಿನ ಸುರಿಮಳೆ ಕೊನೆಗೆ ಸ್ವಲ್ಪ ಅತಿಯಾಯಿತು. ಫೋನ್ ತೆಗೆದದ್ದು ಒಂದು ಸಲ, ಅದೂ ಅಮ್ಮನ ಕರೆ. ಬೆಳಿಗ್ಗೆ ನೆನಪಾದದ್ದು ಫೈಟ್ ಅಲ್ಲ, ಕಾರ್ತಿ ಬಿರಿಯಾನಿ ತಿನ್ನುವ ರೀತಿ. ಎಷ್ಟೋ ವರ್ಷ ಜೈಲೂಟ ತಿಂದವನು ಅಂತ ಮಾತಲ್ಲಿ ಹೇಳಬೇಕಾಗಿಯೇ ಇಲ್ಲ, ಅವನ ಕೈ ನೋಡಿದರೆ ಸಾಕು. ಚಿಕ್ಕ ಮಕ್ಕಳು ಮಲಗಿದ ಮೇಲೆ ನೋಡಿ. ಊಟ ಮುಗಿಸಿಕೊಂಡು ಕೂತರೆ ಒಳ್ಳೆಯದು."