ದವನ ಬೆಳೆಸುವ ಆಸೆಯೇ? ಮೊದಲ ಹತ್ತು ದಿನ ಜೋಪಾನ

ಚೈತ್ರದ ದವನದ ಹುಣ್ಣಿಮೆಗೆ ಮನೆಯ ಕುಂಡದಲ್ಲೇ ದವನ ಘಮಘಮಿಸಬೇಕು ಅಂದರೆ ನವೆಂಬರ್‌ನಲ್ಲೇ ಬೀಜ ಹಾಕಬೇಕು. ಬಿತ್ತಿದ್ದರಿಂದ ಕೊಯ್ಲಿಗೆ ಸುಮಾರು 120 ದಿನ. ನಮ್ಮ ಬೀದಿಯಲ್ಲಿ ಮೂರ್ನಾಲ್ಕು ಮನೆಯವರು ಆಸೆಯಿಂದ ಹಾಕಿದರು. ಎಲ್ಲರದ್ದೂ ಒಂದೇ ಮಾತು, ‘ಬೀಜ ಹುಟ್ಟಲೇ ಇಲ್ಲ’. ಹೋಗಿ ನೋಡಿದರೆ ಅಂಗುಲ ಆಳಕ್ಕೆ ಹೂತು, ಮೇಲಿಂದ ಮಗ್‌ನಲ್ಲಿ ನೀರು ಸುರಿದಿದ್ದಾರೆ. ದವನದ ಬೀಜ ಧೂಳಿನಷ್ಟು ಸಣ್ಣದು. ಅಷ್ಟು ಮಣ್ಣು ತಳ್ಳಿಕೊಂಡು ಮೇಲೆ ಬರಲು ಅದಕ್ಕೆ ಎಲ್ಲಿಯ ಶಕ್ತಿ?

1. ಬೀಜ

ಇದೇ ವರ್ಷದ ಬೀಜ ಬೇಕು. ಹಳೆಯದಾದರೆ ಮೊಳೆಯುವುದಿಲ್ಲ. ದವನ ಬೆಳೆಯುವ ರೈತರ ಹತ್ತಿರ ಕೇಳಿ ತರುವುದೇ ಒಳ್ಳೆಯದು. ತಾರೀಖು ಇಲ್ಲದ ಬಣ್ಣದ ಪ್ಯಾಕೆಟ್ ಎಷ್ಟು ಅಗ್ಗವಾದರೂ ಬೇಡ. ನಾನು ಎರಡು ಸಲ ತಂದು, ಎರಡು ಚಳಿಗಾಲ ಕಳೆದುಕೊಂಡೆ. ಸಸಿಯೇ ತರುತ್ತೇನೆ ಅಂದರೂ ಹುಷಾರು, ದವನ ಅಂತ ಮಾಚಿಪತ್ರೆ ಕೊಟ್ಟುಬಿಡುತ್ತಾರೆ. ಮಾಚಿಪತ್ರೆಯ ಎಲೆ ಅಗಲ, ಹಸಿರು. ದವನದ್ದು ಸಣ್ಣಗೆ ಸೀಳಿದಂತೆ, ಬೂದಿ ಬಳಿದ ಬಣ್ಣ.

2. ಮೊಳಕೆ ಕಟ್ಟುವುದು

ಇಲ್ಲಿ ಆತುರ ಮಾಡಬೇಡಿ. ಒಂದು ಚಿಟಿಕೆ ಬೀಜವನ್ನು ನಾಲ್ಕು ಪಾಲು ಸಣ್ಣ ಮರಳಿಗೆ ಬೆರೆಸಿ. ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ನೀರಿನಲ್ಲಿ ಅದ್ದಿ, ನೆರಳಲ್ಲಿ ಎರಡು ದಿನ ಇಡಿ. ಹೆಸರುಕಾಳು ಮೊಳಕೆ ಕಟ್ಟುತ್ತೇವಲ್ಲ, ಹಾಗೇ. ಬಟ್ಟೆ ಒಣಗಲು ಬಂದಾಗ ನೀರು ಚಿಮುಕಿಸಿ. ಎರಡು ದಿನದ ಮೇಲೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ. ಮರಳಿನ ನಡುವೆ ಬಿಳಿ ಚುಕ್ಕೆ ಕಂಡರೆ ಅದೇ ಮೊಳಕೆ. ಇನ್ನು ತಡ ಮಾಡಬಾರದು, ಬೇರು ಉದ್ದವಾದರೆ ಬಿತ್ತುವಾಗ ಮುರಿಯುತ್ತದೆ. ‘ಸುಮ್ನೆ ಒಣ ಬೀಜವನ್ನೇ ಎರಚಿದರೆ ಆಗಲ್ವಾ?’ ಅಂತ ಕೇಳುತ್ತಾರೆ. ಎರಚಿದರೆ ಅರ್ಧ ಇರುವೆಗೆ ಹೋಗುತ್ತದೆ.

3. ಬಿತ್ತನೆ

ಕೆಮ್ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮ ಸಮ ಬೆರೆಸಿ ಜರಡಿ ಹಿಡಿಯಿರಿ. ಅಗ್ಗದ ಕೋಕೋಪೀಟ್‌ನಲ್ಲಿ, ಅಂದರೆ ತೆಂಗಿನ ನಾರಿನ ಪುಡಿಯಲ್ಲಿ, ಉಪ್ಪು ಇರುತ್ತದೆ. ಮೂರು ನೀರಿನಲ್ಲಿ ತೊಳೆಯದೆ ಹಾಕಿದರೆ ಎಳೆ ಸಸಿ ಸುಡುತ್ತದೆ. ನಾನಂತೂ ಅದನ್ನು ಮುಟ್ಟುವುದಿಲ್ಲ.

ಮಣ್ಣನ್ನು ಅಗಲವಾದ ಟ್ರೇನಲ್ಲಿ ಹರಡಿ, ಬಿತ್ತುವ ಮೊದಲೇ ನೆನೆಸಿ. ಆಮೇಲೆ ಮೊಳಕೆ ಬಂದ ಮರಳನ್ನು ರಂಗೋಲಿ ಪುಡಿಯ ಹಾಗೆ ಬೆರಳ ಸಂದಿಯಿಂದ ತೆಳ್ಳಗೆ ಉದುರಿಸಿ. ಮೇಲೆ ಬೀಜ ಮರೆಯಾಗುವಷ್ಟೇ ಮರಳು. ಒದ್ದೆ ಗೋಣಿ ಹೊದಿಸಿ, ನೀರನ್ನು ಗೋಣಿಯ ಮೇಲೆಯೇ ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಟ್ರೇ ಕೆಳಗೆ ನೀರು ತುಂಬಿದ ತಟ್ಟೆಯಲ್ಲಿ ಇಟ್ಟಿಗೆ ಇಟ್ಟರೆ ಇರುವೆ ಹತ್ತುವುದಿಲ್ಲ.

ಮೂರನೇ ದಿನದಿಂದ ಗೋಣಿ ಎತ್ತಿ ನೋಡುತ್ತಿರಿ. ಹಸಿರು ಕಂಡ ತಕ್ಷಣ ತೆಗೆದುಬಿಡಿ. ಒಂದು ದಿನ ಜಾಸ್ತಿ ಇಟ್ಟರೂ ಸಸಿ ಬೆಳಕಿಲ್ಲದೆ ಹಳದಿಯಾಗಿ, ದಾರದಂತೆ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಮುಂದಿನ ಒಂದು ವಾರ ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು. ನಿಂತರೆ ಬುಡ ಕೊಳೆತು, ರಾತ್ರಿ ನೆಟ್ಟಗಿದ್ದ ಸಸಿ ಬೆಳಿಗ್ಗೆ ಸಾಲಾಗಿ ಮಲಗಿರುತ್ತದೆ. ಬೆರಳಿಟ್ಟು ಮುಟ್ಟಿ ನೋಡಿ, ತಣ್ಣಗಿದ್ದು ಬೆರಳಿಗೆ ಅಂಟದಿದ್ದರೆ ಸರಿಯಾಗಿದೆ.

4. ನೆಡುವುದು

ಒಂದೂವರೆ ತಿಂಗಳಿಗೆ ನಾಲ್ಕು ಅಂಗುಲ ಆಗುತ್ತದೆ. ಸಂಜೆ ಹೊತ್ತು ಕಿತ್ತು, ಒಂದಡಿ ಅಗಲದ ಕುಂಡಕ್ಕೆ ಐದಾರು ನೆಡಿ. ಒಳ್ಳೆ ಬಿಸಿಲು ಬೇಕು, ಜೋರು ಮಳೆ ಬಂದರೆ ಒಳಗಿಡಿ.

5. ಕೊಯ್ಲು

ಹಳದಿ ಗುಂಡಿಗಳಂಥ ಹೂ ಪೂರ್ತಿ ಬಂದ ಮೇಲೆ ಕೊಯ್ಯಿರಿ. ಎಲೆ ಚೆನ್ನಾಗಿದೆ ಅಂತ ಮೊದಲೇ ಕಿತ್ತರೆ ಅರ್ಧ ಪರಿಮಳ ಹೋಯಿತು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕತ್ತರಿಸಿ ನೆರಳಲ್ಲೇ ಒಣಗಿಸಿ.

ಮೊದಲ ಎಳೆ ದೇವರಿಗೆ. ಉಳಿದಿದ್ದನ್ನು ಮಲ್ಲಿಗೆ ದಂಡೆಯಲ್ಲಿ ನಡುನಡುವೆ ಸೇರಿಸಿ ಕಟ್ಟಿ. ಹೂ ಬಾಡಿದರೂ ದವನ ಮುಡಿಯಲ್ಲಿ ಘಮ್ ಅನ್ನುತ್ತಲೇ ಇರುತ್ತದೆ. ನಮ್ಮಜ್ಜಿ ಒಣ ದವನವನ್ನು ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಡುತ್ತಿದ್ದರು. ವರ್ಷ ಕಳೆದು ಮುಚ್ಚಳ ತೆಗೆದರೂ ಆ ಕಂಪು ಮೊದಲು ಬರುತ್ತಿತ್ತು. ನಾನೂ ಹಾಗೇ ಮಾಡುತ್ತೇನೆ, ನುಸಿಗುಳಿಗೆ ನಮ್ಮ ಮನೆಗೆ ಬರುವುದಿಲ್ಲ. ಇದೇ ಹೂಬಿಟ್ಟ ಗಿಡವನ್ನು ಹಬೆಯಲ್ಲಿ ಬೇಯಿಸಿ ತೆಗೆದ ಎಣ್ಣೆ ಸುಗಂಧ ತಯಾರಿಕೆಗೆ ಹೋಗುತ್ತದೆ. ಅದರಲ್ಲಿರುವ ದವನೋನ್ ಎಂಬ ಅಂಶಕ್ಕೆ ಹೆಸರು ಬಂದಿದ್ದೇ ನಮ್ಮ ದವನದಿಂದ.

ಎರಡು ಗಿಡ ಮಾತ್ರ ಕೊಯ್ಯದೆ ಬಿಡಿ. ಹೂ ಕಂದಾಗಿ ಒಣಗಿದ ಮೇಲೆ ಪೇಪರ್ ಮೇಲೆ ಉಜ್ಜಿ, ಉದುರಿದ್ದನ್ನು ಪೊಟ್ಟಣ ಕಟ್ಟಿ, ಮೇಲೆ ತಿಂಗಳು, ವರ್ಷ ಬರೆದಿಡಿ. ಬರುವ ನವೆಂಬರ್‌ಗೆ ಬೀಜ ಹುಡುಕುವ ಕೆಲಸವಿಲ್ಲ.