ಸ್ಟ್ಯಾಟಿನ್ ಅಲರ್ಜಿಯೇ, ಅಲ್ಲವೇ: ನಾನು ಪರೀಕ್ಷಿಸುವ ಕ್ರಮ

"ಕೊಲೆಸ್ಟ್ರಾಲ್ ಮಾತ್ರೆ ನನಗೆ ಅಲರ್ಜಿ" ಎಂದು ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಗಳ ಗುಂಪು) ನುಂಗುವ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು "ಏನಾಯಿತು?" ಎಂದು. ಉತ್ತರ ಬಹಳ ಸಲ ತೊಡೆ, ಸೊಂಟ, ಮೀನಖಂಡದ ನೋವು. ಎರಡೂ ಕಾಲು ಒಂದೇ ಥರ ನೋಯುತ್ತವೆ, ಮೆಟ್ಟಿಲು ಹತ್ತುವಾಗ ಸೋಲುತ್ತವೆ. ಇದು ಸ್ನಾಯುವಿನ ಅಡ್ಡಪರಿಣಾಮ, ಅಲರ್ಜಿಯಲ್ಲ. ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಸಿಕೆ ರಕ್ತಪರೀಕ್ಷೆ ಮಾಡಿಸಿ, ಡೋಸ್ ಇಳಿಸಿಯೋ ಸ್ಟ್ಯಾಟಿನ್ ಬದಲಿಸಿಯೋ ನೋಡಬಹುದು. ನೋವಿನ ಜೊತೆ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆ.

ದದ್ದು, ತುರಿಕೆ, ಊತ ಎಂದರೆ ಚರ್ಮ ನೋಡುವ ಮುಂಚೆ ಕಾಲದ ಲೆಕ್ಕ ಹಾಕುತ್ತೇನೆ: ಮಾತ್ರೆ ಶುರುವಾದ ದಿನ, ಕೊನೆಯ ಮಾತ್ರೆ ನುಂಗಿದ ಹೊತ್ತು, ತೊಂದರೆ ಕಂಡ ಹೊತ್ತು. ನುಂಗಿ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಗಂದೆ ಎದ್ದರೆ, ತುಟಿ ಊದಿದರೆ, ಅದು ತಕ್ಷಣದ ಅಲರ್ಜಿ. ಶುರುವಾಗಿ 4ರಿಂದ 14 ದಿನಕ್ಕೆ ಎದೆ, ಬೆನ್ನಿನಿಂದ ಹಬ್ಬುವ ಕೆಂಪು ದದ್ದು ನಿಧಾನದ ಬಗೆಯದು. 2ರಿಂದ 8 ವಾರದ ನಡುವೆ ದದ್ದಿನ ಜೊತೆ ಜ್ವರ, ಮುಖದ ಬಾವು, ಕುತ್ತಿಗೆಯಲ್ಲಿ ಗಂಟು ಬಂದರೆ ಪಿತ್ತಜನಕಾಂಗಕ್ಕೂ ಪೆಟ್ಟು ಬಿದ್ದಿರಬಹುದು. ಮೂರು ವರ್ಷದಿಂದ ಅದೇ ಮಾತ್ರೆ ನುಂಗುತ್ತಿದ್ದು ಇವತ್ತು ಗಂದೆ ಎದ್ದಿದ್ದರೆ ನನ್ನ ಅನುಮಾನ ಮೊನ್ನೆ ತಗೊಂಡ ನೋವಿನ ಮಾತ್ರೆ ಅಥವಾ ಆ್ಯಂಟಿಬಯಾಟಿಕ್ ಮೇಲೆ. ಕಂಪನಿ ಬದಲಾಗಿದೆಯೇ ಎಂದೂ ಕೇಳುತ್ತೇನೆ, ಮಾತ್ರೆಯ ಬಣ್ಣ, ಲೇಪನ ಬೇರೆಯಾಗಿರುತ್ತದೆ.

ಆಮೇಲೆ ಚರ್ಮ. ಒಂದು ಗಂದೆಯ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲೇ ಸಮಯ ಬರೆಯುತ್ತೇನೆ. 24 ಗಂಟೆಯೊಳಗೆ ಆ ಜಾಗ ಗುರುತಿಲ್ಲದೆ ಮಾಯವಾಗಿ ಬೇರೆಡೆ ಎದ್ದರೆ ಅದು ಮಾಮೂಲಿ ಗಂದೆ. ಅಲ್ಲೇ ಉಳಿದು, ಉರಿದು, ಹೋಗುವಾಗ ಕಂದುಗಲೆ ಬಿಟ್ಟರೆ ಅಲ್ಲ. ಪಾರದರ್ಶಕ ಗಾಜಿನ ಲೋಟವನ್ನು ಕೆಂಪು ಚುಕ್ಕೆಯ ಮೇಲೆ ಒತ್ತಿ ನೋಡಿ: ಬಣ್ಣ ಮಾಸದಿದ್ದರೆ ಚರ್ಮದಡಿ ರಕ್ತ ಸೋರಿದೆ, ಅದನ್ನು ಅಲರ್ಜಿ ಎಂದು ಸುಮ್ಮನೆ ಬಿಡುವಂತಿಲ್ಲ. ಬಾಯಿ ತೆರೆಸಿ ನೋಡುವುದನ್ನು ಎಂದೂ ಬಿಡುವುದಿಲ್ಲ. ಬಾಯಿ, ಕಣ್ಣು, ಜನನಾಂಗದಲ್ಲಿ ಹುಣ್ಣು, ಬೊಕ್ಕೆ, ತುರಿಕೆಗಿಂತ ಹೆಚ್ಚಾಗಿ ಚರ್ಮದ ನೋವು, ಇವುಗಳಲ್ಲಿ ಒಂದು ಕಂಡರೂ ಮಾತ್ರೆ ನಿಲ್ಲಿಸಿ ನೇರ ಆಸ್ಪತ್ರೆಗೆ.

ಎಡವುವ ಜಾಗಗಳು ಎರಡು. ಗಂದೆಯಿಲ್ಲದೆ ಬರೀ ತುಟಿ, ನಾಲಿಗೆ ಊದಿದರೆ ಬಿಪಿ ಮಾತ್ರೆಯ ಪಟ್ಟಿ ತೆಗೆಸುತ್ತೇನೆ. ರಾಮಿಪ್ರಿಲ್, ಎನಾಲಪ್ರಿಲ್ ಗುಂಪಿನವು ತಿಂಗಳುಗಟ್ಟಲೆ, ವರ್ಷಗಟ್ಟಲೆ ಸುಮ್ಮನಿದ್ದು ಇದೇ ಊತ ತರುತ್ತವೆ, ಬೈಗುಳ ಮಾತ್ರ ಸ್ಟ್ಯಾಟಿನ್‌ಗೆ. ಇನ್ನೊಂದು ನಯಾಸಿನ್, ಕೊಲೆಸ್ಟ್ರಾಲ್‌ಗೇ ಕೊಡುವ ಬೇರೆ ಔಷಧಿ. ನುಂಗಿದ ಸ್ವಲ್ಪ ಹೊತ್ತಿಗೇ ಮುಖ, ಕುತ್ತಿಗೆ ಕೆಂಪಗಾಗಿ ಬಿಸಿಯೇರುವುದು ರಕ್ತನಾಳ ಹಿಗ್ಗುವುದರಿಂದ, ಅಲರ್ಜಿಯಿಂದಲ್ಲ.

ಉಸಿರು ಕಟ್ಟುವುದು, ಧ್ವನಿ ಒಡೆಯುವುದು, ತಲೆ ಸುತ್ತಿ ಬೀಳುವುದು ಶುರುವಾದರೆ ಆಂಬುಲೆನ್ಸ್ ಕರೆಸಿ. ಮಲಗಿಸಿ ಕಾಲು ಎತ್ತರಿಸಿ. ಉಸಿರಾಟ ಕಷ್ಟವಾದರೆ ಕೂರಿಸಿ, ನಡೆಸಬೇಡಿ. ಆಗ ಬೇಕಾದ ಔಷಧಿ ಅಡ್ರಿನಾಲಿನ್, ವಯಸ್ಕರಿಗೆ 0.5 ಮಿಲಿಗ್ರಾಂ, ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚುಮದ್ದಾಗಿ. ಅಲರ್ಜಿ ಮಾತ್ರೆ ಸಿಟ್ರಿಜಿನ್ ಕೊಟ್ಟು ಕಾಯುತ್ತಾ ಕೂರುವುದೇ ದೊಡ್ಡ ತಪ್ಪು, ಅದು ತುರಿಕೆ ಇಳಿಸುತ್ತದೆ, ಬಿದ್ದ ಬಿಪಿಯನ್ನು ಎತ್ತುವುದಿಲ್ಲ.

ಬರೀ ತುರಿಕೆ, ಸಣ್ಣ ದದ್ದು ಇದ್ದರೆ ಅಂದೇ ವೈದ್ಯರಿಗೆ ಫೋನ್ ಮಾಡಿ ಕೇಳಿ. ಇತ್ತೀಚೆಗೆ ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಿ ವಾರಗಟ್ಟಲೆ ಸುಮ್ಮನಿರುವುದು ದದ್ದಿಗಿಂತ ಅಪಾಯ.

ಚೀಟಿಯಲ್ಲಿ "ಸ್ಟ್ಯಾಟಿನ್ ಅಲರ್ಜಿ" ಎಂದಷ್ಟೇ ನಾನು ಬರೆಯುವುದಿಲ್ಲ. "ಅಟೋರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ, 9ನೇ ದಿನ, ಬೆನ್ನಿನಲ್ಲಿ ದದ್ದು, ಬಾಯಲ್ಲಿ ಹುಣ್ಣಿಲ್ಲ, ನಿಲ್ಲಿಸಿದ 5 ದಿನಕ್ಕೆ ಇಳಿಯಿತು" ಎಂದು ಬರೆದಿದ್ದರೆ ಮುಂದಿನ ವೈದ್ಯರು ಇನ್ನೊಂದು ಸ್ಟ್ಯಾಟಿನ್ ಆದ ರೋಸುವಾಸ್ಟ್ಯಾಟಿನ್ ಅಥವಾ ಸ್ಟ್ಯಾಟಿನ್ ಅಲ್ಲದ ಕೊಲೆಸ್ಟ್ರಾಲ್ ಮಾತ್ರೆ ಎಜೆಟಿಮೈಬ್ ಬಗ್ಗೆ ಯೋಚಿಸಬಹುದು. ಬೊಕ್ಕೆ ಎದ್ದವರಿಗೆ, ಉಸಿರು ಕಟ್ಟಿದವರಿಗೆ ಅದೇ ಮಾತ್ರೆಯನ್ನು ಮತ್ತೆ ಕೊಟ್ಟು ನೋಡುವ ಪ್ರಶ್ನೆಯೇ ಇಲ್ಲ. ಅವರ ಚೀಟಿಯಲ್ಲಿ ಔಷಧಿಯ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.