ಸೂಜಿ ಚುಚ್ಚಿತೇ? ಮೊದಲ 2 ಗಂಟೆ ಕೈಬಿಡಬೇಡಿ

ಮಳೆಗಾಲದ ರಾತ್ರಿ, ವಾರ್ಡಿನಲ್ಲಿ ಕರೆಂಟಿಲ್ಲ. ಇಂಜೆಕ್ಷನ್ ಕೊಟ್ಟ ಸಿಸ್ಟರ್ ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುತ್ತಾರೆ. ರೋಗಿಯ ರಕ್ತದಲ್ಲಿ ಎಚ್‌ಐವಿಯಂಥ ಸೋಂಕಿದ್ದರೆ ಅದು ಹೀಗೆ ಹರಡಬಹುದು. ಆಗ ಎಷ್ಟೋ ಜನ ಬೆರಳು ಹಿಂಡುತ್ತಾರೆ, ಇಲ್ಲವೇ ಬಾಯಿಗಿಟ್ಟು ಚೀಪುತ್ತಾರೆ. ಎರಡೂ ಬೇಡ.

ಮೊದಲು ಗ್ಲೌಸ್ ಬಿಚ್ಚಿ, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ. ಸ್ಪಿರಿಟ್, ಬ್ಲೀಚ್ ಸುರಿಯಬೇಡಿ. ಕಣ್ಣಿಗೆ ರಕ್ತ ಸಿಡಿದರೆ ನೀರನ್ನೋ ಸಲೈನನ್ನೋ ಧಾರಾಳವಾಗಿ ಹಾಯಿಸಿ. ಬಾಯಿಗೆ ಬಿದ್ದರೆ ಉಗುಳಿ, ಮತ್ತೆ ಮತ್ತೆ ಮುಕ್ಕಳಿಸಿ.

ಆಮೇಲೆ ಡ್ಯೂಟಿ ಡಾಕ್ಟರಿಗೆ ಹೇಳಿ. ಶಿಫ್ಟ್ ಮುಗಿಯಲಿ ಅಂತ ಕಾಯಬೇಡಿ. ಬೈತಾರೆ, ಮನೆಯವರಿಗೆ ಗೊತ್ತಾಗುತ್ತೆ ಅನ್ನೋ ಭಯಕ್ಕೆ ಸುಮ್ನಿರುವವರು ಬಹಳ, ಅಲ್ವಾ? ಆದರೆ ಎಚ್‌ಐವಿ ತಡೆಯುವ ಮಾತ್ರೆಯನ್ನು 2 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ. ರೋಗಿಯ ಒಪ್ಪಿಗೆ ಪಡೆದು ಅವರ ರಕ್ತವನ್ನೂ ಪರೀಕ್ಷಿಸುತ್ತಾರೆ. ಆ ರಿಪೋರ್ಟಿಗಾಗಿ ಮೊದಲ ಡೋಸ್ ತಡವಾಗಬಾರದು. ಬೇಡವೆಂದಾದರೆ ಡಾಕ್ಟರೇ ನಿಲ್ಲಿಸುತ್ತಾರೆ; ಇಲ್ಲದಿದ್ದರೆ 28 ದಿನ ತಪ್ಪದೆ ನುಂಗಬೇಕು.

ಕೊಡಗಿನಲ್ಲಿ ಈ 2 ಗಂಟೆ ಎಷ್ಟು ಬೇಗ ಕಳೆದುಹೋಗುತ್ತದೆ ಎಂದು ನಮಗೆ ಗೊತ್ತು. 2018ರ ಆಗಸ್ಟ್‌ನ ಮಳೆ, ಭೂಕುಸಿತ ಮರೆಯುವಂಥದ್ದೇ? ಗುಡ್ಡ ಕುಸಿದರೆ, ರಸ್ತೆಗೆ ಮರ ಬಿದ್ದರೆ ಮಡಿಕೇರಿ ತಲುಪುವುದು ಯಾವಾಗ? ಹಾಗಾಗಿ ಇವತ್ತೇ ಕೇಳಿ: ನಮ್ಮ ಆಸ್ಪತ್ರೆಯಲ್ಲಿ ಮೊದಲ ಡೋಸ್ ಎಲ್ಲಿದೆ? ರಾತ್ರಿ ಆ ಬೀರುವಿನ ಕೀ ಯಾರ ಹತ್ತಿರ? ಕೇಳಲು ಸಂಕೋಚ ಬೇಡ. ತರಬೇತಿ ಕೊಡುವುದು, ಈ ಮಾತ್ರೆ ಒದಗಿಸುವುದು ಆಸ್ಪತ್ರೆಯ ಹೊಣೆ ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ.

ಎಲ್ಲರೂ ಹೆದರುವುದು ಎಚ್‌ಐವಿಗೆ. ಆದರೆ ಸೋಂಕಿರುವ ರೋಗಿಯ ಸೂಜಿ 1,000 ಸಲ ಚುಚ್ಚಿದರೂ ಅದು ಹರಡುವುದು ಸುಮಾರು 3 ಸಲ. ರಕ್ತದಿಂದಲೇ ಹರಡುವ ಲಿವರ್ ಸೋಂಕು ಹೆಪಟೈಟಿಸ್ ಬಿ ಹಾಗಲ್ಲ. ಲಸಿಕೆ ಆಗದವರಿಗೆ 100ರಲ್ಲಿ 30ರವರೆಗೂ ಅಪಾಯವಿದೆ. ಈ ಲಸಿಕೆಯ 0, 1, 6 ತಿಂಗಳ ಮೂರು ಡೋಸ್ ಮುಗಿಸಿ, ರೋಗನಿರೋಧಕ ಶಕ್ತಿ ಬಂದಿದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಲಸಿಕೆ ಇಲ್ಲದೆ ಚುಚ್ಚಿಕೊಂಡವರು ಸಾಧ್ಯವಾದರೆ 24 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ (ಸೋಂಕಿನ ವಿರುದ್ಧ ಸಿದ್ಧ ಪ್ರತಿಕಾಯಗಳಿರುವ ಇಂಜೆಕ್ಷನ್) ಬಗ್ಗೆ ಡಾಕ್ಟರನ್ನು ಕೇಳಿ.

ನಿಮ್ಮ ರಕ್ತ ಪರೀಕ್ಷೆ ಅವತ್ತೇ ಆಗಲಿ. ನಂತರ 6 ವಾರ, 3 ತಿಂಗಳು, 6 ತಿಂಗಳಿಗೆ. ಸಲಹೆ ಬೇಕಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಇನ್ನೊಂದು ಮಾತು. ಬಳಸಿದ ಸೂಜಿಗೆ ಕ್ಯಾಪ್ ಹಾಕದೆ ನೇರ ಚೂಪು ವಸ್ತುಗಳ ಬಿಳಿ ಡಬ್ಬಕ್ಕೆ ಹಾಕಿ. ಹಾಸಿಗೆಯಲ್ಲೋ ಕಸದ ಚೀಲದಲ್ಲೋ ಉಳಿದ ಸೂಜಿ ಚುಚ್ಚುವುದು ಬೆಳಿಗ್ಗೆ ಗುಡಿಸಲು ಬರುವ ಅಕ್ಕನಿಗೆ. ಈ 2 ಗಂಟೆಯ ವಿಷಯ ಅವರಿಗೆ ಯಾರೂ ಹೇಳಿರುವುದಿಲ್ಲ. ನೀವು ಹೇಳಿ.